ಗದ್ಯಭಾಗವನ್ನು ಓದಿ ಮಾಸ್ತರರ ಮಾನ ಉಳಿಸಿರಿ

ಕನ್ನಡ ಕಲಿಸುವ ವಿಷಯದಲ್ಲಿ ನನ್ನ ಸರಿಸಾಟಿ ಇಡೀ ಮುಂಡರಗಿ ತಾಲೂಕಿನಲ್ಲಿ ಯಾರೂ ಇಲ್ಲ ಎಂಬುದು ಒಂದು ಕಾಲಕ್ಕೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲ್ಲರಿಗೂ ಎಂದರೆ, ನನಗೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಲಕ್ಷ್ಮೇಶ್ವರದವನಾದ ನಾನು ಮುಂಡರಗಿಯಿಂದ ಡಂಬಳಕ್ಕೆ ಹೋಗುವ ದಾರಿಯ ಒಂದು ಹಳ್ಳಿಯ ಶಾಲೆಗೆ ವರ್ಗವಾಗಿ ಬಂದಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿನ ಕಿರಾಣಿ ಅಂಗಡಿಯ ಶೆಟ್ಟರ ಮನೆತನ ಇನ್ನೂ ಅಲ್ಲೇ ಇದೆ. ಅವರ ಮನೆಯ ಮದುವೆಗಳಿಗೆ ನನಗೆ ಇನ್ನೂ ಕರೆ ಬರುತ್ತದೆ. ಅದು ಬರುತ್ತಲೇ ಇರಲಿ ಎಂಬ ಆಸೆ.

ನಮ್ಮ ಶಾಲೆಗೆ ಏಳನೇ ಇಯತ್ತೆ ಹೊಸದಾಗಿ ಸಿಕ್ಕಿತ್ತು. ಸಿಕ್ಕಿತ್ತು ಎನ್ನುವುದಕ್ಕಿಂತ, ನೋಡೋಣ ಎಂದು ಕೊಟ್ಟಿದ್ದರು. ಮೊದಲ ವರ್ಷದ ಮಕ್ಕಳು ಏಳನೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಪಾಸಾಗಿ ಕನ್ನಡದಲ್ಲಿ ಬಿದ್ದರು! ಅದೂ 'ಕೆಳಗಿನ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿರಿ' ಎಂಬಲ್ಲಿ. ಉತ್ತರವೆಲ್ಲ ಕಣ್ಣೆದುರಿಗೇ ಅಚ್ಚಾಗಿರುವ ಪ್ರಶ್ನೆಯಲ್ಲಿ ಬೀಳುವುದೆಂದರೆ ತುಂಬಿದ ಬಾವಿಯ ದಂಡೆಯ ಮೇಲೆ ನೀರಡಿಸಿ ಕುಳಿತಂತೆ. ಶಾಲೆಗಳ ತಪಾಸಣೆ ಮಾಡುವ ಸಾಹೇಬರಿಂದ ಮಾತು ಬಂತು. ಈ ವರ್ಷವೂ ಹೀಗೇ ಆದರೆ ಏಳನೇ ಇಯತ್ತೆಯನ್ನು ಮುಂಡರಗಿಯ ಶಾಲೆಗೆ ಸೇರಿಸಿಬಿಡುತ್ತಾರೆ.

ಗಂಡು ಹುಡುಗರು ಹೇಗೋ ಹೋಗುತ್ತಾರೆ. ಹುಡುಗಿಯರ ಕಥೆ ಬೇರೆ. ಮಲ್ಲವ್ವ ಎಂಬ ಹುಡುಗಿಯ ತಾಯಿ ಶಾಲೆಯ ಕಟ್ಟೆಗೆ ಬಂದು ನನಗೆ ನೆಟ್ಟಗೆ ಹೇಳಿದಳು.

"ಇಲ್ಲೇ ಐತಿ ಅಂತ ಬಿಟ್ಟೀನ್ರಿ ಸರ್ರ. ಮುಂಡರಗಿಗೆ ಹೋಗೂದು ಅಂದ್ರ ಶಾಲಿ ಬ್ಯಾಡ. ನನ್ನ ಕೂಡ ಹತ್ತಿ ಬಿಡಸಾಕ ಬರಲಿ."

"ಅದೇನ್ ದೊಡ್ಡ ಮಾತವ್ವಾ! ನಾ ಅದೀನಲ್ಲ!" ಎಂದೆ.

ಮುಂದೆ ಆದದ್ದಕ್ಕೆಲ್ಲ ಕಾರಣವೂ ಅದೇ. ನಾನಿದ್ದೆ!

ಮೊದಲ ದಿನ ಗೈಡಿನೊಳಗಿನ ಇರುವೆಯ ಗದ್ಯವನ್ನು ಹಲಗೆಯ ಮೇಲೆ ಬರೆದೆ. ಇರುವೆಗಳು ಶ್ರಮಜೀವಿಗಳು, ಎಂದೂ ವಿಶ್ರಾಂತಿ ಪಡೆಯುವುದಿಲ್ಲ, ಇತ್ಯಾದಿ. 'ಇರುವೆಗಳಿಂದ ಮನುಷ್ಯನು ಏನನ್ನು ಕಲಿಯಬೇಕು?' ಎಂಬುದು ಪ್ರಶ್ನೆ. ದಾವಲಸಾಬ ಎಂಬ ಹುಡುಗ ಬರೆದ ಉತ್ತರ: 'ಇರುವೆಗಳಿಂದ ಮನುಷ್ಯನು ಕಲಿಯಬೇಕು.' ಪ್ರಶ್ನೆಯೊಳಗಿನ 'ಏನನ್ನು' ಕಿತ್ತು ಪೂರ್ಣವಿರಾಮ ಇಟ್ಟಿದ್ದ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ!

ಮಲ್ಲವ್ವನ ಪಾಟಿ ಮಾತ್ರ ಖಾಲಿ.

"ಯಾಕವ್ವಾ, ಏನೂ ಬರದಿಲ್ಲ?"

"ಇದನ್ನ ಬರದಾವ್ರು ಇರಿವಿ ನೋಡ್ಯಾರೋ ಇಲ್ಲೋ ಅಂತ ಅನುಮಾನ ಬಂತ್ರಿ ಸರ್ರ."

"ಏನಂದಿ?"

"ಎಂದೂ ವಿಶ್ರಾಂತಿ ಪಡೆಯಂಗಿಲ್ಲ ಅಂತ ಐತ್ರಿ. ನಮ್ಮ ಹಿತ್ತಲದಾಗ ಬಿಸಲ ಏರಿದ್ರ ಎಲ್ಲಾ ಗೂಡಿನ್ಯಾಗ ಹೋಗಿ ಕುಂಡ್ರತಾವ್ರಿ."

ಈ ಹುಡುಗಿಯ ತಲೆಗೆ ಗದ್ಯ ಹತ್ತುವುದಿಲ್ಲ ಎಂದು ನಾನು ಅಲ್ಲೇ ನಿರ್ಣಯ ಮಾಡಿದೆ. ನನ್ನ ನಿರ್ಣಯಗಳು ಯಾವಾಗಲೂ ಜಲ್ದಿ.

ನಮ್ಮ ಶಾಲೆಯ ದೊಡ್ಡ ಖೋಲಿಗೆ ನಡುವೆ ಒಂದು ತಟ್ಟಿ ಕಟ್ಟಿ ಎರಡು ವರ್ಗ ಮಾಡಿದ್ದರು. ತಟ್ಟಿಯ ಆಚೆ ಖೈರುನ್ನಿಸಾ ಅಕ್ಕೋರು ಲೆಕ್ಕ ಕಲಿಸುತ್ತಿದ್ದರು. ಶಿರಹಟ್ಟಿಯ ಬಳೆ ವ್ಯಾಪಾರಿಯ ಮಗಳು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ದನಿ ಎತ್ತರಿಸಿದ್ದನ್ನು ನಾನು ಕೇಳಿರಲಿಲ್ಲ, ಆದರೆ ಅವರ ವರ್ಗದಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ನನ್ನ ವರ್ಗದಲ್ಲಿ ಕೊಡಪಾನ ಬಿದ್ದರೂ ಕೇಳುತ್ತಿರಲಿಲ್ಲ. ಸುಟ್ಟಿ ಬಿಟ್ಟಾಗ ಅವರು ಹೇಳಿದರು.

"ಸರ್ರ, ಆಕಿ ಓದ್ಯಾಳ್ರಿ. ಓದದಿದ್ರ ಅನುಮಾನ ಎಲ್ಲಿಂದ ಬರ್ತಿತ್ತು? ದಿನಾ ಕಣ್ಣಿಗೆ ಕಾಣೋ ಸಂಗತಿ ಬರದು ಕೊಡ್ರಿ. ಓದತಾರ, ತಿಳಕೋತಾರ."

ಈ ಮಾತಿನ ಮೊದಲರ್ಧ ನನ್ನ ಕಿವಿಗೆ ಬೀಳಲಿಲ್ಲ. 'ಬರದು ಕೊಡ್ರಿ' ಎಂಬುದಷ್ಟೇ ಬಿತ್ತು. ಆಹಾ! ನನ್ನೊಳಗಿನ ಲೇಖಕ ಎದ್ದು ಕುಳಿತ.

ಮನೆಗೆ ಹೋದವನೇ ಹೆಂಡತಿ ಗಿರಿಜಾಳಿಗೆ ಸುದ್ದಿ ಹೇಳಿದೆ. ಆಕೆ ಬೆಟಗೇರಿಯವಳು. ರೊಟ್ಟಿ ಬಡಿಯುತ್ತಿದ್ದಳು.

"ಇನ್ನ ಮ್ಯಾಲೆ ಗದ್ಯ ನಾನ ಬರಿಯಾಂವ. ನಮ್ಮೂರಿನ ಜೀವನ, ನಮ್ಮೂರಿನ ಜನ!"

ಆಕೆಯ ಕೈ ನಿಂತಿತು. "ಬರೀರಿ. ಆದ್ರ ಯಾರ ಹೆಸರೂ ಹಾಕಬ್ಯಾಡ್ರಿ ಮತ್ತ. ಸಣ್ಣ ಊರು."

"ಛೇ, ಛೇ! ಅಷ್ಟೂ ತಿಳಿಯಂಗಿಲ್ಲೇನ ನನಗ?"

ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಹೆಸರು ಹಾಕಲೇ ಇಲ್ಲ. 'ಒಂದು ಊರಿನಲ್ಲಿ ಒಬ್ಬ ಕಿರಾಣಿ ವ್ಯಾಪಾರಿಯಿದ್ದನು. ಅವನು ಮಾತಿನಲ್ಲಿ ಮೃದು. ಆದರೆ ಅವನ ಬಲಗೈಯ ಹೆಬ್ಬೆರಳಿಗೆ ತಕ್ಕಡಿಯ ಮೇಲೆ ವಿಶೇಷ ಮಮತೆಯಿತ್ತು. ತೂಕದ ಸಮಯದಲ್ಲಿ ಅದು ತಕ್ಕಡಿಯನ್ನು ಅಗಲಿ ಇರಲಾರದು.' ಹೀಗೆ ಸಾಗಿತ್ತು ನನ್ನ ಗದ್ಯ. ಯಾವ ಊರು? ಗೊತ್ತಿಲ್ಲ. ಯಾವ ವ್ಯಾಪಾರಿ? ಗೊತ್ತಿಲ್ಲ.

ನಮ್ಮೂರಿನಲ್ಲಿ ಇದ್ದದ್ದೇ ಒಂದು ಕಿರಾಣಿ ಅಂಗಡಿ!

ವರ್ಗದಲ್ಲಿ ಮಾತ್ರ ಪವಾಡವೇ ನಡೆಯಿತು. ಇರುವೆಯ ಗದ್ಯಕ್ಕೆ ಆಕಳಿಸಿದ್ದ ಮಕ್ಕಳು ಹಲಗೆಗೆ ಕಣ್ಣು ನೆಟ್ಟು ಕುಳಿತರು. ದಾವಲಸಾಬ ಒಂದೊಂದು ಶಬ್ದದ ಅರ್ಥ ಕೇಳಿದ. 'ಮಮತೆ ಅಂದ್ರೇನ್ರಿ? ಅಗಲಿ ಅಂದ್ರೇನ್ರಿ?' ಎಲ್ಲರ ಉತ್ತರವೂ ಸರಿ! ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

ಸಂಜೆ ದಾವಲಸಾಬನನ್ನು ಅವನ ತಾಯಿ ಬೆಲ್ಲ ತರಲು ಅಂಗಡಿಗೆ ಕಳಿಸಿದಳು. ಅಂಗಡಿಯಲ್ಲಿ ಮಂದಿಯೋ ಮಂದಿ. ಹುಡುಗ ತಕ್ಕಡಿಯನ್ನು ನೋಡಿದ, ಶೆಟ್ಟರ ಹೆಬ್ಬೆರಳನ್ನು ನೋಡಿದ. ಬೆಳಿಗ್ಗೆ ಕಲಿತ ವಿದ್ಯೆ ಸಂಜೆಗೆ ಉಪಯೋಗಕ್ಕೆ ಬಂದದ್ದು ನನ್ನ ನೌಕರಿಯಲ್ಲಿ ಅದೇ ಮೊದಲು! ಕೈಕಟ್ಟಿ ನಿಂತು, ಶುದ್ಧ ಗ್ರಾಂಥಿಕ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಕೇಳಿದನಂತೆ: "ಶೆಟ್ಟರೇ, ತಮ್ಮ ಹೆಬ್ಬೆರಳಿಗೆ ತಕ್ಕಡಿಯ ಮೇಲೆ ವಿಶೇಷ ಮಮತೆಯಿದೆಯಲ್ಲವೇ?"

ಮರುದಿನ ಗಿರಿಜಾ ಖಾಲಿ ಚೀಲ ಹಿಡಿದು ಅಂಗಡಿಯಿಂದ ಬಂದಳು.

"ಸಕ್ಕರಿ ಇಲ್ಲಂತ."

"ಮೊನ್ನೆರ ಚೀಲ ಇಳಿಸಿದ್ದು ನೋಡೀನಲ್ಲ ನಾನು?"

"ಹೌದ್ರಿ. ಶೆಟ್ಟರು ಆ ಚೀಲದ ಮ್ಯಾಲೆ ಕುಂತು ಇಲ್ಲ ಅಂದ್ರು."

"ನಾ ಹೆಸರು ಹಾಕಿಲ್ಲ, ಗಿರಿಜಾ."

"ಹೆಸರು ಹಾಕಬ್ಯಾಡ್ರಿ ಅಂದೆ. ಆ ಮನಶ್ಯಾನ್ನ ಹಾಕ್ರಿ ಅಂದೆನೇನ್ರಿ?"

ಕೆಲವು ದಿನ ಬೆಲ್ಲದ ಚಹಾ ಕುಡಿದೆವು. ಬೆಲ್ಲವೂ ತೀರಿತು. ಚಹಾದ ಪುಡಿ, ಒಗ್ಗರಣೆಯ ಸಾಸಿವೆ, ಒಂದೊಂದೇ ಸಾಮಾನು ಶೆಟ್ಟರ ಅಂಗಡಿಯಲ್ಲಿ ನಮ್ಮ ಪಾಲಿಗೆ ಮಾಯವಾಗತೊಡಗಿತು. ಸಾಸಿವೆಗಾಗಿ ಮುಂಡರಗಿಯ ಬಸ್ಸು ಹತ್ತುವ ಪ್ರಸಂಗ ಬಂತು. ಬೇರೆ ಯಾರಾದರೂ ಶೆಟ್ಟರ ಕೈಹಿಡಿದು ತಪ್ಪಾಯಿತು ಎನ್ನುತ್ತಿದ್ದರು. ಲೇಖಕನಾದ ನಾನು ಇನ್ನೊಂದು ಗದ್ಯ ಬರೆದೆ!

'ಒಂದು ಊರಿನಲ್ಲಿ ಒಬ್ಬ ಉದಾರ ವ್ಯಾಪಾರಿಯಿದ್ದನು. ಅವನ ತಕ್ಕಡಿಯು ಧರ್ಮರಾಯನ ನಾಲಗೆಯಂತೆ ನೇರವಾಗಿತ್ತು. ಅವನು ಶಿಕ್ಷಕರನ್ನು ಕಂಡರೆ ವಿಶೇಷವಾಗಿ ಗೌರವಿಸುತ್ತಿದ್ದನು.' ಎಷ್ಟು ಸವಿಯಾಗಿ ಬರೆದೆನೆಂದರೆ ಆ ಗದ್ಯವನ್ನೇ ಒಂದು ಚಮಚ ಚಹಾಕ್ಕೆ ಹಾಕಬಹುದಿತ್ತು. ಮಕ್ಕಳು ಇದನ್ನೂ ಅಂಗಡಿಗೆ ಮುಟ್ಟಿಸುತ್ತಾರೆ, ಶೆಟ್ಟರು ಕರಗುತ್ತಾರೆ ಎಂಬುದು ಲೆಕ್ಕಾಚಾರ. ಕೊನೆಗೆ, ಪರೀಕ್ಷೆಯಲ್ಲಿ ಬರುವ ಪ್ರಶ್ನೆಯೆಂದು, ಇದನ್ನೂ ಕೇಳಿದೆ: 'ಈ ಗದ್ಯವನ್ನು ಬರೆದವರ ಉದ್ದೇಶವೇನು?'

ಯಾರೂ ಕೈ ಎತ್ತಲಿಲ್ಲ. ಮಲ್ಲವ್ವ ಮೆಲ್ಲಗೆ ಎದ್ದು ನಿಂತಳು.

"ಬರದಾವ್ರ ಮನ್ಯಾಗ ಸಕ್ಕರಿ ತೀರೇತ್ರಿ."

ವರ್ಗ ಹೆಂಚು ಹಾರುವಂತೆ ನಕ್ಕಿತು. ತಟ್ಟಿಯ ಆಚೆಯಿಂದ ಅಕ್ಕೋರ ನಗೆಯೂ ಕೇಳಿತು! ಕೂಡಲೇ "ಲೆಕ್ಕ ಮಾಡ್ರಿ, ಲೆಕ್ಕ ಮಾಡ್ರಿ" ಎಂದು ತಮ್ಮ ಮಕ್ಕಳಿಗೆ ಹೇಳಿದರು. ಆ ದನಿಯಲ್ಲೂ ನಗೆ ಇತ್ತು.

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಆ ಸಿಟ್ಟಿನ ಹಿಂದೆಯೇ ಇನ್ನೊಂದು ವಿಚಾರ ಬಂತು. ಈ ಹುಡುಗಿ ಶಬ್ದ ಓದುವುದಿಲ್ಲ, ಶಬ್ದ ಬರೆದವನನ್ನು ಓದುತ್ತಾಳೆ! ಟ್ರೇನಿಂಗ್ ಕಾಲೇಜಿನಲ್ಲಿ ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೂ ನಾನು ಕಲಿಯುತ್ತಿದ್ದೆ ಎಂಬ ಖಾತ್ರಿಯಿಲ್ಲ.

ಉತ್ತರ ಸಂಜೆಯೊಳಗೆ ಅಂಗಡಿಗೆ ಮುಟ್ಟಿತು. ನನ್ನ ಗದ್ಯಕ್ಕೆ ಕರಗದ ಶೆಟ್ಟರು ಮಲ್ಲವ್ವನ ಉತ್ತರಕ್ಕೆ ತೊಡೆ ತಟ್ಟಿಕೊಂಡು ನಕ್ಕರಂತೆ. ಒಂದು ಪೊಟ್ಟಣ ಸಕ್ಕರೆ ಕಟ್ಟಿ ಆಕೆಯ ಕೈಯಲ್ಲಿಯೇ ನಮ್ಮ ಮನೆಗೆ ಕಳಿಸಿದರು. "ಮಾಸ್ತರಿಗೆ ಹೇಳು, ಇದು ಅವ್ರ ಗದ್ಯಕ್ಕಲ್ಲ, ನಿನ್ನ ಉತ್ತರಕ್ಕ ಅಂತ." ಶೆಟ್ಟರೂ ದೊಡ್ಡ ಮನುಷ್ಯರೇ. ಅಂದಿನಿಂದ ತೂಕ ಮಾಡುವಾಗ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು "ನೋಡ್ಕೋರಪಾ, ಮಮತಾ ಬಿಟ್ಟೀನಿ!" ಎಂದು ಗಿರಾಕಿಗಳನ್ನು ನಗಿಸತೊಡಗಿದರು.

ಇಷ್ಟಾದ ಮೇಲಾದರೂ ಲೇಖನಿ ಕೆಳಗಿಡಬೇಕಿತ್ತು.

ಗದಗಿನಿಂದ ಸಾಹೇಬರು ಬರುತ್ತಾರೆ, ಏಳನೇ ಇಯತ್ತೆಯ ಓದನ್ನು ಸ್ವತಃ ನೋಡುತ್ತಾರೆ ಎಂದು ಖಬರು ಬಂತು. ವರ್ಗ ಉಳಿಯುತ್ತದೋ ಹೋಗುತ್ತದೋ ಅಂದೇ ತೀರ್ಮಾನ. ಅಕ್ಕೋರು ನನ್ನನ್ನು ಕಟ್ಟೆಯ ಹತ್ತಿರ ತಡೆದರು.

"ಸರ್ರ, ಇರಿವಿ ಗದ್ಯನ ತಗೋರಿ. ಈಗ ಮಕ್ಕಳು ತಯಾರ ಅದಾರ, ಯಾವ ಗದ್ಯ ಕೊಟ್ರೂ ಓದತಾರ."

"ಅಕ್ಕೋರ, ಸಾಹೇಬ್ರ ಮುಂದ ಇರಿವಿ ಬಿಡೂದೇನ್ರಿ? ಹೊಸಾದು ಬರಿತೀನಿ. ಈ ಸಲ ಯಾರಿಗೂ ಸಿಟ್ಟು ಬರಂಗಿಲ್ಲ. ನನ್ನ ಮ್ಯಾಲೇ ಬರಿತೀನಿ!"

ಅಕ್ಕೋರು ತಲೆಯಲ್ಲಾಡಿಸುತ್ತ ತಮ್ಮ ವರ್ಗಕ್ಕೆ ಹೋದರು. ನನಗಂತೂ ಧೈರ್ಯವಿತ್ತು. ಯಾರು ಸಿಟ್ಟಾದರೂ ನಾನು ನನ್ನ ಮೇಲೆ ಸಿಟ್ಟಾಗುವವನಲ್ಲ.

ಶೀರ್ಷಿಕೆ: 'ಆದರ್ಶ ಗುರು.' 'ಒಂದು ಊರಿನಲ್ಲಿ ಒಬ್ಬ ಗುರುಗಳಿದ್ದರು. ಅವರು ಸೂರ್ಯೋದಯಕ್ಕೆ ಮುನ್ನ ಏಳುವರು. ಅಷ್ಟರಲ್ಲಿ ಒಲೆ ಹೊತ್ತಿರುವುದು, ನೀರು ಕಾದಿರುವುದು. ಸ್ನಾನ ಮುಗಿಯುತ್ತಲೇ ಶುಭ್ರವಾದ ಧೋತರ ಸಿದ್ಧವಾಗಿರುವುದು. ಬಿಸಿ ರೊಟ್ಟಿ ತಟ್ಟೆಗೆ ಬರುವುದು. ಗುರುಗಳು ಎಂದೂ ವೇಳೆಯನ್ನು ವ್ಯರ್ಥ ಮಾಡರು. ಇಂಥ ಶಿಸ್ತಿನ ಜೀವನದಿಂದ ಅವರು ಊರಿಗೇ ಮಾದರಿಯಾಗಿದ್ದರು.'

ಗಿರಿಜಾಳ ಮುಂದೆ ದೊಡ್ಡ ದನಿಯಲ್ಲಿ ಓದಿದೆ. ಆಕೆ ಪೂರ್ತಿ ಕೇಳಿದಳು.

"ಹೆಂಗೈತಿ?"

"ಚೊಲೊ ಐತ್ರಿ. ಹಾಲು ಉಕ್ಕಾಕ ಹತ್ತೇತಿ, ನೋಡ್ತೀನಿ" ಎಂದು ಒಳಗೆ ಹೋದಳು.

ನಾನು ಇದನ್ನು ಹೊಗಳಿಕೆ ಎಂದು ತಿಳಿದುಕೊಂಡೆ.

ಸಾಹೇಬರು ಮುಂಜಾನೆಯ ಬಸ್ಸಿನಿಂದ ಧೂಳಿನ ಸಮೇತ ಇಳಿದರು. ಸಣಕಲು ಆಳು, ಕಣ್ಣಿಗೆ ದಪ್ಪ ಗಾಜಿನ ಚಾಳೀಸು, ಮಾತು ಕಡಿಮೆ. ನಮ್ಮ ವರ್ಗದಲ್ಲಿ ಬಂದು ಕುಳಿತು ಹಲಗೆಯ ಮೇಲಿನ ಗದ್ಯವನ್ನು ಓದಿದರು. ಶೀರ್ಷಿಕೆಯನ್ನು ಮಕ್ಕಳಿಂದಲೇ ಹೇಳಿಸುವ ಹಂಚಿಕೆಯಿಂದ ನಾನು ಅದನ್ನು ಬರೆದಿರಲಿಲ್ಲ. ಕಿಟಕಿಯ ಹೊರಗೆ ಮಲ್ಲವ್ವನ ತಾಯಿ, ತಲೆಯ ಮೇಲೆ ಬುತ್ತಿಗಂಟು ಹೊತ್ತು, ಹೊಲಕ್ಕೆ ಹೋಗುವ ದಾರಿಯಲ್ಲಿ ನಿಂತಿದ್ದಳು.

ಸಾಹೇಬರು ದಾವಲಸಾಬನಿಗೆ ಬೆರಳು ಮಾಡಿದರು. "ಗುರುಗಳು ಮುಂಜಾನೆ ಏನೇನು ಮಾಡ್ತಾರಪ್ಪ?"

ಹುಡುಗ ಗದ್ಯವನ್ನು ಮೇಲಿನಿಂದ ಕೆಳಗೆ ನೋಡಿದ. "ಏಳತಾರ್ರಿ."

"ಮುಂದ?"

ಇನ್ನೊಮ್ಮೆ ನೋಡಿದ. "ಮುಂದ ಏನೂ ಮಾಡಂಗಿಲ್ರಿ. ಎಲ್ಲಾ ಆಗಿರತೈತ್ರಿ."

ನಾನು ಮುಂದೆ ಬಂದೆ. "ಹುಡುಗ ಸ್ವಲ್ಪ ಮಂದ, ಸಾಹೇಬ್ರ..." ಎಂದೆ. ಸಾಹೇಬರು ಕೈ ಎತ್ತಿ ನನ್ನನ್ನು ತಡೆದರು. ಈಗ ಅವರು ನಾನು ಬರೆದುಕೊಟ್ಟ ಪ್ರಶ್ನೆಗಳ ಚೀಟಿ ಕೆಳಗಿಟ್ಟು ತಮ್ಮದೇ ಪ್ರಶ್ನೆ ಕೇಳಿದರು.

"ಈ ಮನಿಯೊಳಗ ಎಷ್ಟು ಮಂದಿ ಅದಾರ?"

"ಒಬ್ಬರ್ರೀ!" ಎಂದು ವರ್ಗವೆಲ್ಲ ಕೂಗಿತು. ಮಲ್ಲವ್ವ ಮಾತ್ರ ಕೈ ಎತ್ತಿದಳು.

"ಇಬ್ಬರ್ರಿ."

"ಇನ್ನೊಬ್ಬರು ಎಲ್ಲಿದ್ದಾರ? ಹಲಗಿ ಮ್ಯಾಲೆ ತೋರಿಸು."

"ಬರದಿಲ್ರಿ."

ನನ್ನ ತಾಳ್ಮೆ ಹೋಯಿತು. "ಗದ್ಯದೊಳಗ ಇಲ್ಲದ್ದನ್ನ ಹೇಳಬಾರದು! ಕುಂಡ್ರು!"

ಹುಡುಗಿಯ ಮುಖ ಸಣ್ಣದಾಯಿತು. ಅರ್ಧ ಕುಳಿತಳು. ಆಗ ತಟ್ಟಿಯ ಪಕ್ಕದಿಂದ ಒಂದು ದನಿ ಬಂತು. ಖೈರುನ್ನಿಸಾ ಅಕ್ಕೋರು ಬಂದು ನಿಂತಿದ್ದರು.

"ಸಾಹೇಬ್ರ, ಆಕಿ ಇನ್ನೂ ಹೇಳಿ ಮುಗಿಸಿಲ್ರಿ."

ಸಾಹೇಬರ ಎದುರಿಗೆ ಕಾಯಂ ಆದವರೂ ಉಸಿರು ಬಿಗಿಹಿಡಿಯುತ್ತಿದ್ದ ಕಾಲ ಅದು. ಕಾಯಂ ಆಗದ ಅಕ್ಕೋರು, ತಮ್ಮದಲ್ಲದ ವರ್ಗದಲ್ಲಿ, ತಮ್ಮದಲ್ಲದ ಪಾಠದಲ್ಲಿ ನಡುವೆ ಬಾಯಿ ಹಾಕಿದ್ದರು. ಆದರೂ ದನಿ ನಡುಗಿರಲಿಲ್ಲ.

"ಹೇಳವ್ವಾ," ಎಂದರು ಸಾಹೇಬರು.

ಮಲ್ಲವ್ವ ಮತ್ತೆ ನೆಟ್ಟಗೆ ನಿಂತಳು. "ಒಲಿ ಹೊತ್ತಿರುವುದು ಅಂತ ಐತ್ರಿ. ಒಲಿ ತಾನ ಹೊತ್ತಂಗಿಲ್ಲಲ್ರಿ. ನೀರು ತಾನ ಕಾಯಂಗಿಲ್ರಿ. ಧೋತರ ತಾನ ಹೋಗಿ ಒಗಸಿಕೊಂಡು, ತಾನ ಒಣಗಿ, ಮಡಚಿಕೊಂಡು ಕುಂಡ್ರಂಗಿಲ್ರಿ. ಗುರುಗಳಕಿಂತ ಮೊದಲ ಎದ್ದಾಕಿ ಒಬ್ಬಾಕಿ ಅದಾಳ್ರಿ ಆ ಮನ್ಯಾಗ. ಬರದಾವ್ರು ಆಕೀನ್ನ ನೋಡಿಲ್ರಿ."

ಸಾಹೇಬರು ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಆ ಹುಡುಗಿಯನ್ನು ಸರಿಯಾಗಿ ನೋಡಿದರು.

"ಈ ಗದ್ಯಕ್ಕ ಏನಂತ ಶೀರ್ಷಿಕೆ ಕೊಡ್ತಿ?"

ಆಕೆ ವಿಚಾರ ಮಾಡಿದಳು. "'ಮೊದಲು ಎದ್ದವರು' ಅಂತ ಕೊಡಬೌದ್ರಿ."

'ಆದರ್ಶ ಗುರು' ನನ್ನ ಬಾಯಿಯೊಳಗೇ ಉಳಿಯಿತು.

ಸಾಹೇಬರು ನನ್ನ ಕಡೆ ತಿರುಗಿದರು. "ಹಿರೇಮಠ ಮಾಸ್ತರ, ಬರದಿಲ್ಲದ್ದನ್ನೂ ಓದಾಕ ಇವ್ರಿಗೆ ಕಲಿಸಿದವ್ರು ಯಾರ್ರಿ?"

ಜಾಣನಾದವನು 'ಬೇಕಂತಲೇ ಹಂಗ ಬರೆದು ಪರೀಕ್ಷಾ ಮಾಡಿದ್ದೆ, ಸಾಹೇಬ್ರ' ಎನ್ನುತ್ತಿದ್ದ. ನನಗೆ ಆ ಮಾತು ಹೊಳೆಯಿತು. ಸಾಹೇಬರ ಬಸ್ಸು ಊರು ಬಿಟ್ಟ ಮೇಲೆ! ಆ ಕ್ಷಣಕ್ಕೆ ನಾನು ಹಲಗೆಯನ್ನು, ಅಕ್ಕೋರನ್ನು, ಮಲ್ಲವ್ವನನ್ನು ನೋಡಿ, "ಅವ್ರ ಕಲತಾರ್ರಿ" ಎಂದೆ. ನನ್ನ ಬಾಯಿಂದ ಆ ದಿನ ಬಂದ ಸರಿಯುತ್ತರ ಅದೊಂದೇ.

"ಏಳನೇ ಇಯತ್ತೆ ಇಲ್ಲೇ ಇರಲಿ," ಎಂದು ಸಾಹೇಬರು ಎದ್ದರು. "ಇವ್ರು ಮುಂಡರಗಿಗೆ ಹೋಗಿ ಕಲಿಯೂದು ಏನೈತಿ? ಅವ್ರನ್ನ ಇಲ್ಲಿ ಕಳಸ್ತೀನಿ." ಬಾಗಿಲಲ್ಲಿ ನಿಂತು ಅಕ್ಕೋರಿಗೆ ಎರಡೂ ಕೈ ಮುಗಿದರು. ಸಾಹೇಬರಾದವರು ತಾವಾಗಿಯೇ ಕೈ ಮುಗಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಿಟಕಿಯಲ್ಲಿ ಮಲ್ಲವ್ವನ ತಾಯಿ ಅಕ್ಕೋರನ್ನು ಕರೆದು ಕೇಳಿದಳು, "ಸಾಹೇಬ್ರು ಏನಂದ್ರು ಅಕ್ಕೋರ?"

"ಶಾಲಿ ಇಲ್ಲೇ ಇರತೈತಂತವ್ವ."

"ಹಂಗಾರ ನಾ ಹೊಲಕ್ಕ ಹೊಕ್ಕೀನಿ," ಎಂದು ಬುತ್ತಿಗಂಟು ಸರಿಮಾಡಿಕೊಂಡು ಒಬ್ಬಳೇ ಹೊರಟುಹೋದಳು.

ಸಾಹೇಬರಿಗೆ ಊಟ ನಮ್ಮ ಮನೆಯಲ್ಲಿ. ಹೊಸ್ತಿಲು ದಾಟುತ್ತಲೇ ಗಿರಿಜಾಳಿಗೆ ನಮಸ್ಕಾರ ಮಾಡಿ, "ಗದ್ಯದೊಳಗ ಇಲ್ಲದವ್ರು ನೀವ ಏನ್ರಿ?" ಎಂದರು. ಆಕೆಗೆ ತಿಳಿಯಲಿಲ್ಲ. ಮಾತು ಕಡಿಮೆ ಎಂದುಕೊಂಡಿದ್ದ ಸಾಹೇಬರು ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿಯ ನಡುವೆ ನಡೆದದ್ದೆಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದರು. ದಾವಲಸಾಬನ ದನಿಯನ್ನೂ ಮಾಡಿ ತೋರಿಸಿದರು! ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸಾಹೇಬರಿಗೆ ಬೇಡವೆಂದರೂ ಮತ್ತೊಂದು ರೊಟ್ಟಿ, ಮತ್ತೊಂದು ಸೌಟು ಎಣಗಾಯಿ.

ನನ್ನ ತಟ್ಟೆಗೆ ಮಾತ್ರ ರೊಟ್ಟಿ ತಾನೇ ಬರಲಿಲ್ಲ. ನಾನೇ ಎದ್ದು ಹೋಗಿ ಬುಟ್ಟಿಯಿಂದ ತಂದುಕೊಂಡೆ.

ಸಾಹೇಬರು ಹೋದ ಮೇಲೆ ಆಕೆ ಪಾತ್ರೆ ತಿಕ್ಕುತ್ತ ಕೇಳಿದಳು.

"ನಿಮ್ಮ ಗದ್ಯದಾಗ ನಾ ಯಾವ ಸಾಲಿನ್ಯಾಗ ಅದೀನ್ರಿ?"

"ಎಲ್ಲಾ ಸಾಲಿನ್ಯಾಗೂ ಅದೀ, ಗಿರಿಜಾ!"

"ಅದು ಮಲ್ಲವ್ವ ಹೇಳಿದ್ದು. ನೀವು ಬರದದ್ದು ಹೇಳ್ರಿ."

ಆ ಪ್ರಶ್ನೆಗೆ ನನ್ನ ಪಾಟಿಯೂ ಖಾಲಿ. "ಓದಿ ತೋರಿಸಿದಾಗನ ಹೇಳಬಾರದಾಗಿತ್ತೇನ?" ಎಂದೆ.

"ಹೇಳಾಕ ಹತ್ತಿದ್ರ ಹಾಲು ಉಕ್ಕಿ ಹೋಗ್ತಿತ್ರಿ."

ಮರುದಿನ ನಾನು ಆಕೆಗಿಂತ ಮೊದಲು ಎದ್ದೆ. ಯಾರಿಗೂ ಹೇಳದೆ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಪದ್ಮಾಸನ ಹಾಕಿ ಕುಳಿತೆ. ಕಟ್ಟಿಗೆ ಒಟ್ಟಿದೆ. ಎಣ್ಣೆ ಹನಿಸಿದೆ. ಕಡ್ಡಿ ಗೀರಿದೆ. ಕಟ್ಟಿಗೆ ಹಸಿಯೋ ನಾನು ಹಸಿಯೋ ತಿಳಿಯದು, ಬೆಂಕಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬಂತು! ಊದಿದೆ. ಊದಿದಷ್ಟೂ ಬೂದಿ ನನ್ನ ಮುಖದ ಮೇಲೆ. ಹೊಗೆ ಮೊದಲು ಅಡುಗೆಮನೆ ತುಂಬಿತು, ಆಮೇಲೆ ಪಡಸಾಲೆ, ಆಮೇಲೆ ಓಣಿ. ಎದುರುಮನೆಯವರು ನೀರಿನ ಕೊಡ ಹಿಡಿದು ಓಡಿಬಂದರು. ಗಿರಿಜಾ ಎದ್ದು ಬಂದು ಬಾಗಿಲಲ್ಲಿ ನಿಂತಳು. ಸೊಂಟದ ಮೇಲೆ ಕೈಯಿಟ್ಟು, ಬಹಳ ಸಮಾಧಾನದಿಂದ, ನೋಡುತ್ತ ನಿಂತಳು.

ಅಷ್ಟರಲ್ಲಿ ಬಾವಿಗೆ ಹೊರಟಿದ್ದ ಮಲ್ಲವ್ವ ಕೊಡ ಸೊಂಟಕ್ಕಿಟ್ಟುಕೊಂಡು ನಮ್ಮ ಬಾಗಿಲಲ್ಲಿ ನಿಂತಳು.

"ಅಮ್ಮಾರ, ಇವತ್ತ ಒಲಿ ಸರ್ ಹಚ್ಚಾಕ ಹತ್ಯಾರೇನ್ರಿ?"

"ಹೌದವ್ವಾ. ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಹೊಗಿ ನೋಡಿದೆ."

ಉತ್ತರ ಸರಿಯಿತ್ತು. ಒಳಗಿನಿಂದಲೇ, ಕೆಮ್ಮುತ್ತ, ಪೂರ್ತಿ ಅಂಕ ಕೊಟ್ಟೆ.